ಪೊಂಬಾಳಕ್ಕೆ ಕೊಟ್ಟ ನುಡಿ

ಮಾಘಮಾಸದ ಆ ಬೆಳಗಿನಲ್ಲಿ ಕಲ್ಗುಂದ ಪಟ್ಟಣವನ್ನು ಬಡಗಣ ಬಾಗಿಲ ಮೇಲೆ ನಿಂತು ನೋಡಿದವರಿಗೆ ಮೊದಲು ಕಾಣುತ್ತಿದ್ದುದು ಹೊಗೆ. ಅದು ಅಡುಗೆಮನೆಗಳ ಹೊಗೆಯಲ್ಲ, ಕಮ್ಮಾರಗೇರಿಯದು. ಇಪ್ಪತ್ತೆಂಟು ಕುಲುಮೆಗಳು ಸೂರ್ಯೋದಯಕ್ಕೆ ಮೊದಲೇ ಉರಿಯಲಾರಂಭಿಸಿ, ಈಟಿಯ ಮೊನೆಗಳನ್ನು ಬಡಿಯುವ ಸದ್ದು ಮೂರು ಸುತ್ತಿನ ಕೋಟೆಯ ಗೋಡೆಗಳಿಗೆ ತಾಗಿ ಮರಳಿ ಬರುತ್ತಿತ್ತು. ಮೋಚಿಗಳ ಕೇರಿಯಲ್ಲಿ ಗುರಾಣಿಗೆ ಹೊದಿಸುವ ತೊಗಲು ಸಾಲಾಗಿ ಒಣಗಿತ್ತು. ಆನೆಲಾಯದ ಮುಂದೆ ಮಾವುತರು ಆನೆಗಳ ಹಣೆಗೆ ಸಿಂಧೂರ ಬಳಿದು, ಅಳಿಸಿ, ಮತ್ತೆ ಬಳಿಯುತ್ತಿದ್ದರು. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರು ಕೂಡ ಯುದ್ಧದ ಮಾತನ್ನೇ ಆಡುತ್ತಿದ್ದರು; ಯುದ್ಧ ನೋಡಿ ಹದಿನೆಂಟು ವರ್ಷವಾಗಿದ್ದ ಊರಿಗೆ ಅದರ ರುಚಿ ಮರೆತುಹೋಗಿತ್ತು.

ಈ ಹೊಗೆಯನ್ನು ಹಿರಿಯ ಸಂಧಿವಿಗ್ರಹಿ ಈಚಿಮಯ್ಯನವರು ತಮ್ಮ ಮನೆಯ ಮೇಲುಪ್ಪರಿಗೆಯಲ್ಲಿ ಕುಳಿತು ನೋಡುತ್ತಿದ್ದರು. ಅವರಿಗೆ ಅರುವತ್ತೆಂಟು ವರ್ಷ. ಮೂವರು ಅರಸರ ಕಾಲದಲ್ಲಿ, ನಲವತ್ತು ವರ್ಷ, ಪರರಾಜ್ಯಗಳೊಡನೆ ಸಂಧಿ ಮಾಡುವ ಮತ್ತು ಮುರಿಯುವ ಮಾತುಕತೆಯೆಲ್ಲ ಅವರ ಹೊಣೆಯಾಗಿತ್ತು. ಈಗ ಅವರ ಮನೆಯ ಬಾಗಿಲಿಗೆ ಹನ್ನೆರಡು ಮಂದಿ ಕಾವಲಿದ್ದರು. ಮನೆಯೊಳಗಿನ ಚೂರಿ, ಕುಡುಗೋಲು, ಈಳಿಗೆಮಣೆ ಎಲ್ಲವನ್ನೂ ಒಯ್ದಿದ್ದರು. ಹೊರಗೆ ಹೆಚ್ಚಿಕೊಂಡು ತಂದ ಕಾಯಿಪಲ್ಯ, ಬೇರೆಯವನು ತಿಂದು ನೋಡಿದ ಅನ್ನ, ದಿನಕ್ಕೆರಡು ಬಾರಿ ನಾಡಿ ಹಿಡಿಯುವ ವೈದ್ಯ. ಈ ಏರ್ಪಾಡನ್ನೆಲ್ಲ ಮಾಡಿದವನು ಅವರ ಕಡುಹಗೆ, ದಂಡನಾಯಕ ಬಮ್ಮರಸ. ಹಗೆಯೇ ಇಷ್ಟು ಕಾಳಜಿಯಿಂದ ತಮ್ಮ ಪ್ರಾಣ ಕಾಯುತ್ತಿರುವುದನ್ನು ನೆನೆದು ಈಚಿಮಯ್ಯನವರಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ನಕ್ಕರೆ ಕೆಮ್ಮು ಬಂದು ವೈದ್ಯ ಓಡಿಬರುತ್ತಿದ್ದ.

ವಿಷಯ ಇಷ್ಟು. ಕೆಂದೊರೆ ಎಂಬ ಹೊಳೆಯಾಚೆ ಪೊಂಬಾಳದ ಸಾಮ್ರಾಜ್ಯವಿತ್ತು. ಅಲ್ಲಿನ ಹೊಸ ಚಕ್ರವರ್ತಿ ಮೂವತ್ತು ಸಾವಿರ ಕುದುರೆಯ ಒಡೆಯ. ಕಳೆದ ಸುಗ್ಗಿಯಿಂದ ಹೊಳೆಯ ಬಡಗಣ ದಂಡೆಯಲ್ಲಿ ಹುಲ್ಲಿನ ಬಣವೆಗಳು ಏಳತೊಡಗಿದ್ದವು. ಬೇರೆಯವರು ಚಕ್ರವರ್ತಿಯ ಪತ್ರಗಳಲ್ಲಿದ್ದ ಸ್ನೇಹದ ಮಾತುಗಳನ್ನು ಓದುತ್ತಿದ್ದರೆ ಈಚಿಮಯ್ಯನವರು ಆ ಬಣವೆಗಳನ್ನು ಓದಿದರು. ನೆರೆಯ ಅರಸನ ಮನಸ್ಸು ಅವನ ಓಲೆಯಲ್ಲಿರುವುದಿಲ್ಲ, ಅವನು ಮೇವನ್ನು ಎಲ್ಲಿ ಕೂಡಿಡುತ್ತಾನೆ ಎಂಬುದರಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಅರಸ ಜೋಯಿದೇವನ ಅಪ್ಪಣೆ ಪಡೆದು ಅವರು ಪೊಂಬಾಳಕ್ಕೆ ಹೋದರು. ಒಂದು ತಿಂಗಳು ಅಲ್ಲಿದ್ದು ಸಂಧಿಯೊಂದಿಗೆ ಮರಳಿದರು. ಇಪ್ಪತ್ತು ವರ್ಷ ಕುದುರೆಗಳು ಹೊಳೆ ದಾಟುವುದಿಲ್ಲ. ಅದಕ್ಕೆ ಪ್ರತಿಯಾಗಿ ಚಕ್ರವರ್ತಿ ಕೇಳಿದ್ದು ಎರಡು. ದಂಡನಾಯಕನ ಮನೆತನದ ಒಬ್ಬ ತರುಣ ಐದು ವರ್ಷ ಪೊಂಬಾಳದಲ್ಲಿ ಒತ್ತೆಯಾಗಿರಬೇಕು. ಮತ್ತು ಕಲ್ಗುಂದದ ಅರಸರ ಬಿರುದಾವಳಿಯಿಂದ ‘ಪೊಂಬಾಳ ಪುರಕವಾಟ ಭಂಜನ’ ಎಂಬ ಬಿರುದನ್ನು ತೆಗೆಯಬೇಕು.

ನಾಲ್ಕು ತಲೆಮಾರಿನ ಹಿಂದೆ ಕಲ್ಗುಂದದ ದಂಡು ಪೊಂಬಾಳದ ಕೋಟೆಬಾಗಿಲನ್ನು ಮುರಿದು, ಅದರ ಒಂದು ಕದವನ್ನು ಹೊತ್ತು ತಂದಿತ್ತು. ಆ ಕದ ಇನ್ನೂ ಸಭಾಮಂಟಪದ ಗೋಡೆಗೆ ಒರಗಿತ್ತು. ಅದನ್ನು ಮುರಿದವನು ಬಮ್ಮರಸನ ಮುತ್ತಜ್ಜ. ಹೀಗಾಗಿ ಸಂಧಿಯ ಮಾತು ಹೊರಬೀಳುತ್ತಲೇ ಊರು ಕೆರಳಿತು. ಹಿರಿಯರು ರಕ್ತ ಕೊಟ್ಟು ಗಳಿಸಿದ್ದನ್ನು ಮುದುಕನೊಬ್ಬ ಪರರ ಅರಮನೆಯಲ್ಲಿ ಉಂಡು ಬಿಟ್ಟುಕೊಟ್ಟ ಎಂದು ಬೀದಿಯಲ್ಲಿ ಆಡಿಕೊಂಡರು. ನುಡಿಯನ್ನು ಹಿಂದಕ್ಕೆ ಪಡೆಯಬೇಕು ಎಂದು ದಂಡನಾಯಕ ಸಭೆಯಲ್ಲಿ ಕೇಳಿದ. ಎಂಟು ಸಾವಿರ ಕಾಲಾಳು ಅವನ ಕೈಯಲ್ಲಿದ್ದರು, ಅರಸನ ಮೈಗಾವಲಿನವರು ಐನೂರು. ಅರಸ ಹುಣ್ಣಿಮೆಯ ಸಭೆಗೆ ದಿನ ಗೊತ್ತುಮಾಡಿದ.

ಕಲ್ಗುಂದದಲ್ಲಿ ನುಡಿಯನ್ನು ಹಿಂದಕ್ಕೆ ಪಡೆಯುವುದಕ್ಕೆ ಒಂದು ವಿಧಿಯಿತ್ತು. ಸಂಧಿವಿಗ್ರಹಿ ಹೊರಡುವಾಗ ಅರಸ ತನ್ನ ಕೈಯಾರೆ ವೀಳ್ಯ ಕೊಡುತ್ತಿದ್ದ. ಅದನ್ನು ಬಾಯಿಗಿಟ್ಟುಕೊಂಡವನ ಮಾತು ಅರಸನ ಮಾತು. ಆ ಮಾತು ಬೇಡವಾದರೆ ಹುಣ್ಣಿಮೆಯ ಸಭೆಯಲ್ಲಿ ಮೂರು ಬಾರಿ ಕೇಳುವುದರೊಳಗೆ ಅವನೇ ವೀಳ್ಯವನ್ನು ಅರಸನ ತಟ್ಟೆಗೆ ಮರಳಿಸಿ, ನುಡಿ ಮರಳಿತು ಎನ್ನಬೇಕು. ಅವನು ಒಪ್ಪದೆ ಮೂರು ಬಾರಿಯೂ ಸುಮ್ಮನಿದ್ದರೆ ನಾಲಗೆ ಕೊಯ್ದು, ಬೆಳ್ಳಿಯ ತಟ್ಟೆಯಲ್ಲಿಟ್ಟು, ಯಾರಿಗೆ ಮಾತು ಕೊಟ್ಟಿತ್ತೋ ಅವರಿಗೆ ಕಳುಹಿಸಬೇಕು. ಎರಡರಲ್ಲಿ ಯಾವುದಾದರೂ ಸಂಧಿ ಮುರಿದಂತೆ. ಆದರೆ ಹಿಂದೊಮ್ಮೆ ಒಬ್ಬ ಅರಸ ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲು ತನ್ನ ದೂತನನ್ನೇ ಗುಟ್ಟಾಗಿ ಕೊಲ್ಲಿಸಿದ್ದನಂತೆ. ಆಮೇಲೆ ಬಂದವರು ಸಭಾಮಂಟಪದ ಮುಂದೆ ಒಂದು ಕಲ್ಲು ನಿಲ್ಲಿಸಿ ಕೊರೆಸಿದರು: ನುಡಿ ಮರಳುವ ಮೊದಲು ದೂತ ಸತ್ತರೆ ಆ ನುಡಿ ಮತ್ತೆಂದೂ ಮರಳದು, ಅದನ್ನು ಮೀರಿದ ಅರಸನ ಹಿಂದೆ ಯಾವ ಭಟನೂ ನಡೆಯಬಾರದು. ಕಲ್ಗುಂದದ ಪ್ರತಿಯೊಬ್ಬ ಭಟ ಆಯುಧ ಹಿಡಿಯುವ ಮೊದಲ ದಿನ ಆ ಕಲ್ಲನ್ನು ಮುಟ್ಟಿ ಆಣೆ ಇಡುತ್ತಿದ್ದ.

ಅದಕ್ಕೇ ಈಚಿಮಯ್ಯನವರ ಅಡುಗೆಮನೆಯಲ್ಲಿ ಈಳಿಗೆಮಣೆ ಇರಲಿಲ್ಲ.

ಹುಣ್ಣಿಮೆಗೆ ಆರು ದಿನವಿದ್ದಾಗ ಬಮ್ಮರಸ ತಾನೇ ಬಂದ. ಐವತ್ತೈದರ ಗಟ್ಟಿ ಆಳು, ಮೆಲುದನಿಯವನು, ಆತುರ ಎಂಬುದನ್ನೇ ತೋರದವನು. ಉಪ್ಪರಿಗೆಯಲ್ಲಿ ಚಾಪೆಯ ಮೇಲೆ ಕುಳಿತು, ಊಟ ಸರಿಯಾಗಿ ಸೇರುತ್ತಿಲ್ಲವಂತೆ ಎಂದು ವಿಚಾರಿಸಿದ.

“ನನ್ನ ಅನ್ನವನ್ನು ನನಗಿಂತ ಮೊದಲು ನಿಮ್ಮ ಆಳು ಉಣ್ಣುತ್ತಾನೆ ದಂಡನಾಯಕರೇ,” ಎಂದರು ಈಚಿಮಯ್ಯನವರು. “ನಮ್ಮ ಮನೆಯವಳ ಕೈಯಡುಗೆ ಅವನಿಗೆ ಹಿಡಿಸಿದೆ. ಬಂದಾಗ ತೆಳ್ಳಗಿದ್ದ, ಈಗ ನೋಡಿ.”

ಬಮ್ಮರಸ ನಕ್ಕ. ಬಳಿಕ ಬಂದ ಕೆಲಸಕ್ಕೆ ಇಳಿದ. ಸಭೆಯಲ್ಲಿ ತಾವಾಗಿಯೇ ವೀಳ್ಯ ಮರಳಿಸಿದರೆ ಯಾವ ಅವಮಾನವೂ ಆಗದು. ವಯಸ್ಸಾಯಿತು, ಪರರ ಸಭೆಯಲ್ಲಿ ಬೆದರಿ ಒಪ್ಪಿದೆ ಎಂದರೆ ಜನ ಮರುಗುತ್ತಾರೆ. ತುಂಗಭದ್ರೆಯ ದಡದಲ್ಲಿ ಒಂದು ಅಗ್ರಹಾರ, ಬದುಕಿರುವವರೆಗೆ ಗೌರವ. ಇದನ್ನೆಲ್ಲ ಅವನು ಒಬ್ಬ ಒಳ್ಳೆಯ ಮಗ ತಂದೆಗೆ ಹೇಳುವಂತೆ ಹೇಳಿದ. ಈಚಿಮಯ್ಯನವರು ಅದನ್ನು ಪೂರ್ತಿ ಕೇಳಿ, ನೀಲವಾಡಿಯಿಂದ ಎಷ್ಟು ಆನೆ ಬರುತ್ತವೆ ಎಂದು ಕೇಳಿದರು.

ನೀಲವಾಡಿ ತೆಂಕಣದ ದೊಡ್ಡ ರಾಜ್ಯ, ಪೊಂಬಾಳಕ್ಕೆ ಹಳೆಯ ಹಗೆ. ಬಮ್ಮರಸ ಕ್ಷಣ ತಡೆದು ಹೇಳಿದ: “ಮುನ್ನೂರು.”

“ಬರಲಿ. ಅಲ್ಲಿಂದ ಹೊರಟ ಆನೆ ನಮ್ಮ ಬಾಗಿಲಿಗೆ ಬರಲು ಇಪ್ಪತ್ತೆರಡು ದಿನ. ನಾನು ಆ ದಾರಿಯಲ್ಲಿ ಒಂಬತ್ತು ಸಲ ಹೋಗಿಬಂದವನು. ಪೊಂಬಾಳದ ಕುದುರೆ ಹೊಳೆ ದಾಟಿ ಬರಲು ಮೂರು ದಿನ. ನಡುವಿನ ಹತ್ತೊಂಬತ್ತು ದಿನ ನಾವು ಯಾರ ಮಿತ್ರರು?”

“ಕೋಟೆ ತಡೆಯುತ್ತದೆ.”

“ಕೋಟೆ ಒಂದು ತಿಂಗಳು ತಡೆಯುತ್ತದೆ. ಒಳಗಿನ ಬಾವಿಗಳು ಹನ್ನೆರಡು ದಿನ. ಅದನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ.” ಈಚಿಮಯ್ಯನವರು ಮಾತನ್ನು ನಿಲ್ಲಿಸಿ ಉಸಿರು ತೆಗೆದುಕೊಂಡರು. “ನೀಲವಾಡಿಯವರು ಕೆಟ್ಟವರೇನಲ್ಲ. ಪೊಂಬಾಳದ ಕುದುರೆ ನಮ್ಮ ಊರಿನ ಮೇಲೆ ಬಿದ್ದು ದಣಿಯಲಿ, ಆಮೇಲೆ ತಾವು ಬರೋಣ ಎಂದು ಎಣಿಸಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ನಮ್ಮ ಅರಸರಿಗೆ ಅದನ್ನೇ ಹೇಳುತ್ತಿದ್ದೆ. ದೂರದವನ ಸ್ನೇಹ ಅವನ ಅನುಕೂಲದಷ್ಟೇ ಉದ್ದ. ಹತ್ತಿರದವನು ಹಗೆಯಾಗಲಿ ಕೆಳೆಯಾಗಲಿ, ನಾಳೆಯೂ ಹತ್ತಿರದಲ್ಲಿಯೇ ಇರುತ್ತಾನೆ.”

“ಇವತ್ತು ಒಂದು ಬಿರುದು ಕೊಟ್ಟರೆ ಮುಂದಿನ ವರ್ಷ ಇನ್ನೊಂದು ಕೇಳುತ್ತಾನೆ.”

“ಕೇಳಬಹುದು. ಆಗ ಇನ್ನೊಬ್ಬ ಸಂಧಿವಿಗ್ರಹಿ ಹೋಗಿ ಮಾತಾಡುತ್ತಾನೆ. ಹೋಗುವುದಕ್ಕೂ ಮರಳಿ ಬರುವುದಕ್ಕೂ ಒಂದು ಊರು ಇರುತ್ತದೆ.”

ಬಮ್ಮರಸ ಏಳುವಾಗ ಈಚಿಮಯ್ಯನವರು ಇನ್ನೊಂದು ಮಾತು ಸೇರಿಸಿದರು. ಕಾರ್ತಿಕದಲ್ಲಿ ದಂಡನಾಯಕರ ಮನೆಯಲ್ಲಿ ಇಳಿದುಕೊಂಡಿದ್ದ ನೀಲವಾಡಿಯ ಕುದುರೆ ವ್ಯಾಪಾರಿಗೆ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳಲು ಬರಲಿಲ್ಲವಂತೆ. ಆದರೆ ಯಾರಿಗೆ ಯಾವ ಸಿಂಹಾಸನ ಒಪ್ಪುತ್ತದೆ ಎಂದು ಚೆನ್ನಾಗಿ ಹೇಳುತ್ತಿದ್ದನಂತೆ. ಬಮ್ಮರಸನ ಮುಖದಲ್ಲಿ ಏನೂ ಬದಲಾಗಲಿಲ್ಲ. ಮೆಟ್ಟಿಲಿಳಿಯುವ ಮೊದಲು ಅವನು ವೈದ್ಯನನ್ನು ಕರೆದು, ಹಿರಿಯರಿಗೆ ರಾತ್ರಿ ಬಿಸಿಹಾಲಿನಲ್ಲಿ ಶುಂಠಿ ಕೊಡಬೇಕೆಂದು ಹೇಳಿ ಹೋದ.

ಮರುದಿನ ಮಧ್ಯಾಹ್ನ ಅರಸ ಜೋಯಿದೇವ ಆರೋಗ್ಯ ವಿಚಾರಿಸುವ ನೆವದಲ್ಲಿ ಬಂದ. ಇಪ್ಪತ್ತೆರಡರ ತರುಣ, ಕಣ್ಣಿನ ಕೆಳಗೆ ಕಪ್ಪು. ದಂಡನಾಯಕನ ಕಡೆಯ ನಾಲ್ವರು ಅವನ ಹಿಂದೆಯೇ ನಿಂತಿದ್ದರು. ಸಂಧಿಗೆ ಹೊರಡುವ ಮುನ್ನ ಉದ್ಯಾನದಲ್ಲಿ ಇಬ್ಬರೇ ಇದ್ದಾಗ, ಆ ಬಿರುದು ಹೋದರೆ ಹೋಗಲಿ ಅಯ್ಯನವರೇ, ಊರು ಉಳಿಸಿ ಎಂದು ಹೇಳಿದವನು ಅವನೇ. ಆ ಮಾತನ್ನು ಈಗ ಎಲ್ಲರೆದುರು ಹೇಳಿಬಿಡುತ್ತೇನೆ ಎಂಬುದು ಅವನ ತುಟಿಯ ಮೇಲೆ ಬಂದದ್ದನ್ನು ಈಚಿಮಯ್ಯನವರು ಕಂಡರು. ಹೇಳಿದರೆ ಸಂಜೆಯೊಳಗೆ ಎಂಟು ಸಾವಿರ ಮಂದಿ ಅರಮನೆಯನ್ನು ಸುತ್ತುವರಿಯುತ್ತಾರೆ, ನಾಳೆ ಬಮ್ಮರಸ ಅರಸನಾಗುತ್ತಾನೆ. ಅವರು ಮಾತನ್ನು ಬೇರೆಡೆಗೆ ತಿರುಗಿಸಿ, ಹುಣ್ಣಿಮೆಯ ವಿಧಿಗಳನ್ನು ಅರಸನಿಗೆ ವಿವರಿಸತೊಡಗಿದರು. ತಟ್ಟೆ ಯಾವ ಕಡೆಗಿರಬೇಕು, ಧರ್ಮಾಧಿಕಾರಿ ಸೋಮರಾಶಿ ಪಂಡಿತರು ಏನು ಕೇಳುತ್ತಾರೆ ಎಂದೆಲ್ಲ ಹೇಳಿ ಕೊನೆಗೆ, ನಿಧಾನವಾಗಿ, “ಪ್ರಭುಗಳು ಆ ದಿನ ಸಿಂಹಾಸನದಿಂದ ಏಳಬಾರದು. ಸಭೆಯಲ್ಲಿ ಏನೇ ನಡೆದರೂ ಏಳಬಾರದು. ಪಂಡಿತರು ಶಾಸನ ಓದಿ ಕೇಳಿದಾಗ ಒಂದೇ ಮಾತಿನಲ್ಲಿ ಉತ್ತರ ಕೊಡಬೇಕು. ಎರಡನೆಯ ಮಾತು ಬೇಡ,” ಎಂದರು.

ಅರಸ ಅವರನ್ನೇ ನೋಡಿದ. ಕಾವಲಿನವರಿಗೆ ಅದು ವಿಧಿಯ ಮಾತಾಗಿ ಕೇಳಿತು.

ಮನೆಯ ಕಾವಲಿನ ಮುಖ್ಯಸ್ಥ ಕಲಿದೇವ. ಬಮ್ಮರಸನ ಅಣ್ಣ ರೇವರಸನ ಮಗ, ಇಪ್ಪತ್ತನಾಲ್ಕು ವರ್ಷದವನು. ಹದಿನೆಂಟು ವರ್ಷದ ಹಿಂದೆ ಕೆಂದೊರೆಯ ಕಡವಿನಲ್ಲಿ ರೇವರಸ ಪೊಂಬಾಳದವರೊಡನೆ ಹೋರಾಡಿ ಸತ್ತಿದ್ದ. ಊರ ಮುಂದೆ ಅವನ ವೀರಗಲ್ಲಿತ್ತು. ಕಲಿದೇವ ದಿನವೂ ಅದರ ಮುಂದೆ ಕೈಮುಗಿದೇ ಕೆಲಸಕ್ಕೆ ಬರುತ್ತಿದ್ದ. ಪೊಂಬಾಳದ ಕದ ಮುರಿದವನ ಕುಡಿಯಾದ ಕಾರಣ, ನುಡಿ ಮರಳಿಸುವ ಸಭೆಯಲ್ಲಿ ಅರಸನ ಬಲಕ್ಕೆ ಬಿಚ್ಚುಗತ್ತಿ ಹಿಡಿದು ನಿಲ್ಲುವ ಹಕ್ಕು ಅವನ ಮನೆತನದ್ದು. ಸಭೆಗೆ ಬೇರೆ ಯಾರೂ ಆಯುಧ ತರುವಂತಿರಲಿಲ್ಲ. ಚಿಕ್ಕಪ್ಪ ಆ ಗೌರವವನ್ನು ಅಣ್ಣನ ಮಗನಿಗೆ ಕೊಟ್ಟಿದ್ದ.

ನೇರ ಸ್ವಭಾವದ ಹುಡುಗ. ಕಾವಲಿಗಿದ್ದರೂ ಮನೆಯ ಹಿರಿಯರಿಗೆ ನಮಸ್ಕರಿಸದೆ ಅಂಗಳ ದಾಟುತ್ತಿರಲಿಲ್ಲ. ಈಚಿಮಯ್ಯನವರ ಹೆಂಡತಿ ಚಂದವ್ವೆ ಕೊಟ್ಟ ಮಜ್ಜಿಗೆಯನ್ನು ಬೇಡವೆನ್ನದೆ ಕುಡಿಯುತ್ತಿದ್ದ. ಹುಣ್ಣಿಮೆಗೆ ಮೂರು ದಿನವಿದ್ದಾಗ ಅವನು ಸಂಕೋಚದಿಂದಲೇ ಈಚಿಮಯ್ಯನವರ ಬಳಿ ಬಂದು ಕೇಳಿದ. ತಂದೆಯ ದೇಹವನ್ನು ಹೊಳೆಯಾಚೆಯಿಂದ ಬೇಡಿ ತಂದವರು ತಾವೇ ಎಂದು ಕೇಳಿದ್ದೇನೆ. ಆಗ ನನಗೆ ಆರು ವರ್ಷ, ಏನೂ ನೆನಪಿಲ್ಲ. ತಂದೆಯವರು ಹೇಗಿದ್ದರು?

ರೇವರಸ ಈಚಿಮಯ್ಯನವರಿಗೆ ಆಪ್ತನಾಗಿದ್ದ. ಅವನ ದೇಹವನ್ನು ಮೊದಲು ತಂದಿಳಿಸಿದ್ದು ಇದೇ ಮನೆಯ ಹಿತ್ತಿಲಿಗೆ. ಗಂಡಹೆಂಡಿರಿಬ್ಬರೂ ಸೇರಿ ತೊಳೆದಿದ್ದರು. ಎದೆಯಲ್ಲಿ ಏಳು ಗಾಯ. ಹಿಂದಕ್ಕೆ ಒಂದು ಹೆಜ್ಜೆಯನ್ನೂ ಇಡದ ದೇಹ ಅದು. ಇದನ್ನು ಹುಡುಗನಿಗೆ ಹೇಳಲು ಈಚಿಮಯ್ಯನವರು ಬಾಯಿ ತೆರೆದರು. ಆಗಲೇ ಅವರ ಕಣ್ಣು ಅವನ ಮುಖದ ಮೇಲೆ ನಿಂತಿತು. ತಂದೆಯ ಹೆಸರು ಬಂದೊಡನೆ ಉಸಿರು ಬಿಗಿಹಿಡಿದ ಮುಖ, ಸೊಂಟದ ಕತ್ತಿಯ ಹಿಡಿಯ ಮೇಲೆ ತಾನಾಗಿಯೇ ಕುಳಿತ ಕೈ. ನಲವತ್ತು ವರ್ಷ ಅವರು ಮಾಡಿದ ಕೆಲಸವೆಂದರೆ ಎದುರಿಗಿರುವವನು ಯಾವ ಮಾತಿಗೆ ಕತ್ತಿ ಎಳೆಯುತ್ತಾನೆ ಎಂದು ತಿಳಿದುಕೊಂಡು, ಆ ಮಾತನ್ನು ಆಡದೆ ಉಳಿದದ್ದನ್ನೆಲ್ಲ ಆಡುವುದು. ಅವರು ಬಾಯಿ ಮುಚ್ಚಿದರು. ಇನ್ನೊಂದು ದಿನ ಹೇಳುತ್ತೇನೆ ಮಗು ಎಂದರು. ಹುಡುಗ ನಮಸ್ಕರಿಸಿ ಹೋದ.

ಚಂದವ್ವೆ ಕಂಬದ ಹಿಂದೆ ಬತ್ತಿ ಹೊಸೆಯುತ್ತ ಕುಳಿತಿದ್ದಳು. ಆಕೆ ಐವತ್ತು ವರ್ಷ ಈ ಮನುಷ್ಯನ ಮೌನಗಳನ್ನು ಓದಿದವಳು. ಅಂದು ಸಂಜೆಯವರೆಗೂ ಏನೂ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು ಎದುರು ಕುಳಿತಳು.

“ಆ ಹುಡುಗನನ್ನೇ ಆರಿಸಿಕೊಂಡಿರಾ?”

“ಸಭೆಯಲ್ಲಿರುವುದು ಅದೊಂದೇ ಕತ್ತಿ.”

“ಏನು ಹೇಳುತ್ತೀರಿ ಅವನಿಗೆ?”

ಅವರು ಹೇಳಿದರು. ಬೇರೆ ದಾರಿಯಿಲ್ಲವೇ ಎಂದು ಆಕೆ ಕೇಳಲಿಲ್ಲ. ಇದ್ದಿದ್ದರೆ ಅವರು ಅದನ್ನೇ ಹಿಡಿಯುತ್ತಿದ್ದರೆಂದು ಬಲ್ಲಳು. ಕೊನೆಗೆ ಆಕೆ ಕೇಳಿದ್ದು, “ಅವನು ಅದನ್ನು ಎಷ್ಟು ದಿನ ನಂಬಿಕೊಂಡಿರಬೇಕು?” ಎಂದು.

“ಸಂಧಿಯ ಕಲ್ಲು ನಿಲ್ಲುವವರೆಗೆ. ಅದಕ್ಕೆ ಮೊದಲು ತಿಳಿದರೆ, ನಾನೇ ಬೇಕೆಂದು ಸತ್ತೆ ಎಂದು ಬಮ್ಮರಸ ವಾದ ಹೂಡುತ್ತಾನೆ. ಆಮೇಲೆ ನೀನು ಹೋಗಿ ಹೇಳು.”

“ನನ್ನ ಮಾತು ನಂಬುತ್ತಾನೆಯೇ?”

“ನನ್ನದನ್ನು ನಂಬುತ್ತಾನಲ್ಲ, ಅದೇ ದುಃಖ,” ಎಂದರು ಈಚಿಮಯ್ಯನವರು. “ನಲವತ್ತು ವರ್ಷ ನಿಜ ಹೇಳಿದವನೆಂದು ಊರಲ್ಲಿ ಹೆಸರಿದೆ. ಅದನ್ನೆಲ್ಲ ಒಂದೇ ಸುಳ್ಳಿಗೆ ಸುರಿಯಬೇಕಾಗಿದೆ. ಸತ್ತ ಗೆಳೆಯನ ಮೇಲೆ.”

ಅವಳು ಎದ್ದು ಹೋಗಿ, ಅವರಿಗೆ ಇಷ್ಟವೆಂದು ಹುಣಸೆಚಿಗುರಿನ ಸಾರು ಮಾಡಲು ಒಲೆ ಹೂಡಿದಳು. ಆ ರುಚಿ ನೋಡುವ ಆಳು ಎರಡು ಬಟ್ಟಲು ಕುಡಿದನಂತೆ.

ಹುಣ್ಣಿಮೆಯ ದಿನ ಬಿಸಿಲೇರುವ ಹೊತ್ತಿಗೆ ಸಭಾಮಂಟಪ ತುಂಬಿತ್ತು. ನಲವತ್ತೆಂಟು ಕಂಬಗಳ ನಡುವೆ ನಾಯಕರು, ಸೆಟ್ಟಿಗಳು, ಮಠಾಧಿಪತಿಗಳು, ಹೊರಗೆ ಕಲ್ಲಿನ ಸುತ್ತ ಭಟರು. ಪೊಂಬಾಳದ ಕದವನ್ನು ಹೂವಿನಿಂದ ಅಲಂಕರಿಸಿದ್ದರು. ಸಿಂಹಾಸನದ ಎಡಕ್ಕೆ ಬೆಳ್ಳಿಯ ತಟ್ಟೆ, ಬಲಕ್ಕೆ ಬಿಚ್ಚುಗತ್ತಿ ಹಿಡಿದ ಕಲಿದೇವ. ಒಳಗೆ ಬಂದ ಪ್ರತಿಯೊಬ್ಬರನ್ನೂ ಬಾಗಿಲಲ್ಲಿ ತಡವಿ ನೋಡಿ ಬಿಟ್ಟಿದ್ದರು. ಈಚಿಮಯ್ಯನವರ ಊರುಗೋಲನ್ನು ಕೂಡ ತೆಗೆದುಕೊಂಡಿದ್ದರು. ಅವರು ಗೋಡೆ ಹಿಡಿದು, ಬಳಿಕ ಕಂಬ ಹಿಡಿದು, ಕೊನೆಯ ಇಪ್ಪತ್ತು ಹೆಜ್ಜೆ ಯಾವ ಆಸರೆಯೂ ಇಲ್ಲದೆ ನಡೆದರು. ಯಾರೋ ಹಿಂದಿನಿಂದ, ಪೊಂಬಾಳದಲ್ಲಿಯೂ ಹೀಗೆಯೇ ನಡುಗಿದನೇನೋ ಎಂದದ್ದು ಕೇಳಿಸಿತು. ಕೆಲವರು ನಕ್ಕರು.

ಸೋಮರಾಶಿ ಪಂಡಿತರು ವೀಳ್ಯವನ್ನು ಅವರ ಅಂಗೈಯಲ್ಲಿಟ್ಟು ಕೇಳಿದರು: “ಸಂಧಿವಿಗ್ರಹಿಗಳೇ, ಪೊಂಬಾಳಕ್ಕೆ ಕೊಟ್ಟ ನುಡಿಯನ್ನು ಮರಳಿಸುತ್ತೀರಾ?”

ಈಚಿಮಯ್ಯನವರು ಮಾತಾಡಲಿಲ್ಲ. ಸಭೆಯಲ್ಲಿ ಗುಜುಗುಜು ಎದ್ದು ಅಡಗಿತು. ಪಂಡಿತರು ಎರಡನೆಯ ಬಾರಿ ಕೇಳಿದರು. ಅವರು ಸುಮ್ಮನೇ ಇದ್ದರು. ಬಾಗಿಲ ಬಳಿ ನಾಲಗೆ ಕೊಯ್ಯುವವನು ತನ್ನ ಬಟ್ಟೆಯ ಗಂಟನ್ನು ಬಿಚ್ಚಲು ಅಪ್ಪಣೆಗಾಗಿ ಕಾದು ನಿಂತಿದ್ದ. ಮೂರನೆಯ ಬಾರಿ ಆಗುವವರೆಗೆ ಅವನೂ ಒಳಗೆ ಬರುವಂತಿರಲಿಲ್ಲ.

ಮೂರನೆಯ ಬಾರಿ ಪಂಡಿತರು ಬಾಯಿ ತೆರೆಯುವ ಮೊದಲು, ಒಂದು ಮಾತು ಹೇಳಲು ಅಪ್ಪಣೆ ಬೇಕೆಂದು ಈಚಿಮಯ್ಯನವರು ಕೇಳಿದರು. ಮರಳಿಸುವವನಿಗೆ ಕಾರಣ ಹೇಳುವ ಅವಕಾಶ ವಿಧಿಯಲ್ಲಿತ್ತು. ಬಮ್ಮರಸ ತಲೆಯಾಡಿಸಿದ, ಮುದುಕ ಕೊನೆಗೂ ಮಣಿದ ಎಂದು ಅವನಿಗೆ ತೋರಿರಬೇಕು.

ಈಚಿಮಯ್ಯನವರು ಅರಸನ ಕಡೆಗೆ ನೋಡಲಿಲ್ಲ. ಕಲಿದೇವನ ಕಡೆಗೆ ತಿರುಗಿದರು. ಅವರ ದನಿ ಎಂದಿನಂತೆಯೇ ತಣ್ಣಗಿತ್ತು.

“ಕಲಿದೇವ, ಮೊನ್ನೆ ನೀನು ನಿನ್ನ ತಂದೆಯ ವಿಷಯ ಕೇಳಿದೆ. ಆಗ ಹೇಳಲಾಗಲಿಲ್ಲ. ನಾಲಗೆ ಹೋಗುವ ಮೊದಲು ಹೇಳಿಬಿಡುತ್ತೇನೆ. ಅವನ ಗಾಯ ಬೆನ್ನಿನಲ್ಲಿತ್ತು.”

ಕಲಿದೇವನಿಗೆ ಮಾತು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವನು ನಿಂತಲ್ಲಿಯೇ ನಿಂತಿದ್ದ, ಬಾಯಿ ಸ್ವಲ್ಪ ತೆರೆದಿತ್ತು. ಆದರೆ ಬಮ್ಮರಸನಿಗೆ ಎಲ್ಲವೂ ಆ ಕ್ಷಣದಲ್ಲಿಯೇ ತಿಳಿಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಆತುರಪಟ್ಟ. ಸಾಲಿನಲ್ಲಿದ್ದ ನಾಯಕರನ್ನು ತಳ್ಳಿಕೊಂಡು ಮುಂದೆ ಬರುತ್ತ, “ಕಲಿದೇವ, ಕತ್ತಿ ಕೆಳಗಿಡು. ಅವನು ಬೇಕೆಂದು ಆಡುತ್ತಿದ್ದಾನೆ. ಕೆಳಗಿಡು,” ಎಂದ.

“ನಿನ್ನ ಚಿಕ್ಕಪ್ಪನಿಗೂ ಗೊತ್ತು,” ಎಂದರು ಈಚಿಮಯ್ಯನವರು ಅದೇ ದನಿಯಲ್ಲಿ, “ನೋಡು, ಹೇಗೆ ಓಡಿ ಬರುತ್ತಿದ್ದಾನೆ. ದೇಹ ತೊಳೆದವನು ನಾನು. ವೀರಗಲ್ಲಿನ ಮೇಲಿನ ಬರಹ ಬರೆದವನೂ ನಾನೇ. ಬರೆದದ್ದು ಸುಳ್ಳು. ನಿನ್ನ ತಂದೆ ಕಡವಿನಿಂದ ಓಡಿಬಂದ. ಆಯುಧ ಎಸೆದು, ಹೆಂಗಸರಂತೆ ಅಳುತ್ತ ಓಡಿಬಂದ. ನೀನು ದಿನವೂ ಕೈಮುಗಿಯುವುದು ಒಬ್ಬ...”

ಆ ಮಾತು ಮುಗಿಯಲಿಲ್ಲ. ಬಮ್ಮರಸನ ಕೈ ಅಣ್ಣನ ಮಗನ ಭುಜಕ್ಕೆ ತಾಗುವಷ್ಟರಲ್ಲಿ ಕತ್ತಿ ಇಳಿದಿತ್ತು. ಈಚಿಮಯ್ಯನವರು ಮೊದಲು ಮಂಡಿಯೂರಿದರು, ಬಳಿಕ ಮಗ್ಗುಲಾದರು. ಅಂಗೈಯಲ್ಲಿನ ವೀಳ್ಯ ಇನ್ನೂ ಅವರ ಮುಷ್ಟಿಯಲ್ಲಿಯೇ ಇತ್ತು.

ವೈದ್ಯ ಓಡಿಬಂದ. ಬಮ್ಮರಸ ತಾನೇ ನೆಲದ ಮೇಲೆ ಕುಳಿತು, ತನ್ನ ಉತ್ತರೀಯವನ್ನು ಗಾಯಕ್ಕೆ ಒತ್ತಿ ಹಿಡಿದು, ಪಂಡಿತರೇ ಮೂರನೆಯ ಬಾರಿ ಕೇಳಿ, ಜೀವವಿದೆ, ಬೇಗ ಕೇಳಿ ಎಂದು ಬೇಡಿಕೊಂಡ. ಸೋಮರಾಶಿ ಪಂಡಿತರು ಬಾಗಿ ಈಚಿಮಯ್ಯನವರ ಮೂಗಿನ ಬಳಿ ಕೈಯಿಟ್ಟು ನೋಡಿದರು. ನೆಟ್ಟಗಾಗಿ, ಇಲ್ಲ ಎಂದರು.

ದಂಡನಾಯಕ ಅಲ್ಲಿಗೂ ಬಿಡಲಿಲ್ಲ. ಇದು ಸಾವಲ್ಲ, ಮೋಸ, ಸಾಯಬೇಕೆಂದೇ ಕೆಣಕಿದ ಎಂದು ವಾದಿಸಿದ. ಪಂಡಿತರು ಹೊರಗೆ ಬಂದು, ಭಟರೆಲ್ಲರಿಗೂ ಕೇಳುವಂತೆ ಕಲ್ಲಿನ ಮೇಲಿದ್ದುದನ್ನು ಓದಿದರು. ಓದಿ ಮುಗಿಸಿ, “ದೂತ ಸತ್ತರೆ ಎಂದಿದೆ. ಹೇಗೆ ಸತ್ತರೆ ಎಂದು ಇಲ್ಲಿ ಇಲ್ಲ,” ಎಂದರು. ಬಳಿಕ ಒಳಬಂದು ಅರಸನ ಮುಂದೆ ನಿಂತು, ಪೊಂಬಾಳಕ್ಕೆ ಕೊಟ್ಟ ನುಡಿ ನಿಂತಿತೇ ಎಂದು ಕೇಳಿದರು.

ಜೋಯಿದೇವ ಎರಡು ಕೈಯಿಂದಲೂ ಸಿಂಹಾಸನದ ತೋಳುಗಳನ್ನು ಹಿಡಿದುಕೊಂಡಿದ್ದ. ಏಳಲಿಲ್ಲ.

“ನಿಂತಿತು,” ಎಂದ.

ಹೊರಗಿನ ಭಟರಲ್ಲಿ ಒಬ್ಬ ವಯಸ್ಸಾದವನು ಮೊದಲು ತನ್ನ ಈಟಿಯನ್ನು ಕಲ್ಲಿನ ಬುಡದಲ್ಲಿ ಮಲಗಿಸಿದ. ಅವನ ಪಕ್ಕದವನು, ಆಮೇಲೆ ಅವನ ಪಕ್ಕದವನು. ಯಾರೂ ಸಂತೋಷದಿಂದ ಹಾಗೆ ಮಾಡಲಿಲ್ಲ. ಸತ್ತವನನ್ನು ಬಯ್ಯುತ್ತಲೇ, ಹೇಡಿ ಮುದುಕ, ಸಾಯುವಾಗಲೂ ವೀರನೊಬ್ಬನ ಹೆಸರು ಕೆಡಿಸಿ ಸತ್ತ ಎಂದು ಉಗುಳುತ್ತಲೇ ಇಟ್ಟರು. ಆಣೆ ಆಣೆಯೇ. ಸಂಜೆಯ ಹೊತ್ತಿಗೆ ದಂಡನಾಯಕನ ಹಿಂದೆ ಎಂಟು ಸಾವಿರದಲ್ಲಿ ಇನ್ನೂರು ಮಂದಿಯೂ ಉಳಿದಿರಲಿಲ್ಲ. ಮೂರನೆಯ ದಿನ ಅವನು ನೀಲವಾಡಿಯ ದಾರಿ ಹಿಡಿದ.

ಈಚಿಮಯ್ಯನವರ ಚಿತೆಗೆ ಊರಿನವರು ಬರಲಿಲ್ಲ. ಚಂದವ್ವೆ, ಪಂಡಿತರು, ಅರಸ ಮತ್ತು ಅನ್ನದ ರುಚಿ ನೋಡುತ್ತಿದ್ದ ಆ ಆಳು, ಇಷ್ಟೇ ಮಂದಿ. ಮಾರನೆಯ ದಿನ ಶಿಲ್ಪಿಗಳು ಅರಮನೆಯ ಬಾಗಿಲ ಮೇಲಿನ ಬಿರುದಾವಳಿಯಿಂದ ಒಂದು ಸಾಲನ್ನು ಉಳಿಯಿಂದ ಕೆತ್ತಿ ತೆಗೆದರು. ಹದಿನೈದು ದಿನದ ಮೇಲೆ ಕೆಂದೊರೆಯ ಕಡವಿನಲ್ಲಿ ಸಂಧಿಯ ಕಲ್ಲು ನಿಂತಿತು. ಆಚೆಯ ದಂಡೆಯಲ್ಲಿ ಬಣವೆಗಳನ್ನು ಬಿಚ್ಚಿ, ಹುಲ್ಲನ್ನು ಬಂಡಿಗಳಿಗೆ ಹೇರಿ ಒಯ್ಯತೊಡಗಿದರೆಂದು ಸುದ್ದಿ ಬಂತು. ಕಲ್ಗುಂದದ ಕಮ್ಮಾರರು ಮತ್ತೆ ನೇಗಿಲ ಗುಳ ಬಡಿಯಲಾರಂಭಿಸಿದರು.

ದೂತನನ್ನು ಕೊಂದವನಿಗೆ ಶೂಲವೇ ಶಿಕ್ಷೆ. ಚಂದವ್ವೆ ಅರಮನೆಗೆ ಹೋಗಿ ಒಂದೇ ಒಂದು ಬೇಡಿಕೆ ಇಟ್ಟಳು. ಒತ್ತೆಗೆ ದಂಡನಾಯಕನ ಮನೆತನದ ಒಬ್ಬನು ಬೇಕಲ್ಲ, ಈ ಹುಡುಗನನ್ನೇ ಕಳುಹಿಸಿ ಎಂದಳು. ಅರಸ ಒಪ್ಪಿದ. ಅಲ್ಲಿಂದ ಆಕೆ ನೇರವಾಗಿ ಸೆರೆಮನೆಗೆ ನಡೆದಳು. ಕಲಿದೇವ ಗೋಡೆಗೆ ಮುಖಮಾಡಿ ಕುಳಿತಿದ್ದ. ಇಪ್ಪತ್ತು ದಿನದಿಂದ ಅವನು ಯಾರೊಂದಿಗೂ ಮಾತಾಡಿರಲಿಲ್ಲ, ಬಾಗಿಲಿಗೆ ಬೆನ್ನು ಹಾಕಿಯೇ ಉಣ್ಣುತ್ತಿದ್ದ.

“ಗಾಯ ಎದೆಯಲ್ಲಿತ್ತು ಮಗು,” ಎಂದಳು ಚಂದವ್ವೆ. “ಏಳು ಗಾಯ. ಎದೆ ತೊಳೆದವರು ಅವರು, ಬೆನ್ನು ತೊಳೆದವಳು ನಾನು. ಬೆನ್ನಿನಲ್ಲಿ ಒಂದು ಗೀರೂ ಇರಲಿಲ್ಲ.”

ಅವನು ತಿರುಗಲಿಲ್ಲ. ಆಕೆ ಕಂಬಿಯ ಹೊರಗೆ ನೆಲದ ಮೇಲೆ ಕುಳಿತು ಮೊದಲಿನಿಂದ ಎಲ್ಲವನ್ನೂ ಹೇಳಿದಳು: ಬಾವಿಗಳ ಹನ್ನೆರಡು ದಿನ, ಆನೆಗಳ ಇಪ್ಪತ್ತೆರಡು ದಿನ, ಸಭೆಯಲ್ಲಿದ್ದ ಒಂದೇ ಕತ್ತಿ. ಹೇಳಿ ಮುಗಿದ ಮೇಲೆ ಅವನು ಆಕೆಯ ಕಡೆಗೆ ತಿರುಗಿದ.

“ಹಾಗಾದರೆ ನಾನು ಕೊಂದದ್ದು ಯಾರನ್ನು, ತಾಯಿ?”

ಚಂದವ್ವೆ ಅವನಿಗೆ ಸಮಾಧಾನ ಹೇಳಲು ಬಂದವಳಲ್ಲ.

“ನಿನ್ನ ತಂದೆಯ ಗೆಳೆಯನನ್ನು,” ಎಂದಳು.

ಫಾಲ್ಗುಣದ ಮೊದಲ ವಾರ ಕಲಿದೇವನನ್ನು ಕೆಂದೊರೆಯ ಕಡವಿಗೆ ಕರೆದೊಯ್ದರು. ಹರಿಗೋಲು ಆಚೆಯ ದಂಡೆ ಮುಟ್ಟಿದಾಗ ಪೊಂಬಾಳದ ಅಧಿಕಾರಿಯೊಬ್ಬ ಓಲೆ ಹಿಡಿದು ನಿಂತಿದ್ದ. ಒತ್ತೆಗೆ ಬಂದವನು ತನ್ನ ಹೆಸರು, ಕುಲ, ಮಾಡಿದ ಸಾಹಸ ಇವನ್ನೆಲ್ಲ ಹೇಳಿ ಬರೆಸಬೇಕೆಂಬುದು ಅಲ್ಲಿನ ಪದ್ಧತಿ.

“ರೇವರಸನ ಮಗ ಕಲಿದೇವ,” ಎಂದ ಅವನು. ಅಧಿಕಾರಿ ಬರೆದುಕೊಂಡು, ಮುಂದೆ ಎಂಬಂತೆ ನೋಡಿದ.

“ಸಂಧಿವಿಗ್ರಹಿ ಈಚಿಮಯ್ಯನವರನ್ನು ಕೊಂದವನು.”

ಅಧಿಕಾರಿಯ ಕೈಯ ಲೇಖನಿ ಓಲೆಯ ಮೇಲೆ ನಿಂತಿತು. ಆ ಮುದುಕ ಒಂದು ತಿಂಗಳು ಅವರ ಸಭೆಯಲ್ಲಿ ಕುಳಿತು ಮಾತಾಡಿದ್ದನ್ನು ಅವನು ಕಂಡಿದ್ದ. ಹಾಗಿದ್ದರೆ ಇಲ್ಲಿಗೆ ಏತಕ್ಕೆ ಬಂದೆ ಎಂದು ಕೇಳಿದ.

“ಅವರು ಕೊಟ್ಟ ಮಾತಿಗೆ ಒತ್ತೆಯಾಗಿ,” ಎಂದು ಹೇಳಿ ಕಲಿದೇವ ದಂಡೆ ಹತ್ತಿದ.